ಗುಳಿಗಿ ಔಷಧ ಅಲ್ಲ

ನಮ್ಮ ಯಜಮಾನರು ಧಾರವಾಡದವರು. ಬರೋಡಾದ ರೈಲ್ವೆ ಆಫೀಸಿನಲ್ಲಿ ಕೂತು ನಿಯಮಗಳನ್ನೆಲ್ಲ ಅರೆದು ಕುಡಿದ ಮಹಾನುಭಾವರು. ಕೇಳಿದ ಶಬ್ದಕ್ಕಷ್ಟೇ ಉತ್ತರ ಕೊಡುವುದು ಅವರ ವ್ರತ. ‘ಊಟ ಆತೇನ್ರೀ?’ ಎಂದರೆ, ತಟ್ಟೆಯಲ್ಲಿ ಒಂದು ತುತ್ತು ಮಜ್ಜಿಗೆ ಅನ್ನ ಉಳಿದಿದ್ದರೂ ‘ಇಲ್ಲ’ ಎನ್ನುವ ಸತ್ಯಸಂಧರು. ಅರವತ್ತರ ದಶಕದಲ್ಲೊಮ್ಮೆ ಈ ಸತ್ಯವೇ ಅವರ ಪ್ರಾಣಕ್ಕೆ ಬಂದಿತ್ತು.

ಹರ್ನಿಯಾ ಆಗಿತ್ತು, ಆಪರೇಷನ್ ಆಗಲೇಬೇಕಿತ್ತು. ಯಾವುದಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಸರ್ಜನ್ ಗುಜರಾತಿಯಲ್ಲಿ ಕೇಳಿದರು: “ಕೋಈ ದವಾ ಲೋ ಛೋ?” ಇವರು ಎದೆ ಸೆಟೆಸಿ ಇಲ್ಲ ಎಂದರು. ರಕ್ತದೊತ್ತಡಕ್ಕೆಂದು ವರ್ಷಗಳಿಂದ ದಿನಾ ಸರ್ಪಗಂಧಿ ಬೇರಿನ ಗುಳಿಗೆ ನುಂಗುತ್ತಿದ್ದ ಮನುಷ್ಯ! ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣು ಕೆಕ್ಕರಿಸಿದರು. ಹೊರಗೆ ಬಂದು ತರಾಟೆಗೆ ತೆಗೆದುಕೊಂಡೆ.

“ಔಷಧ ಅಂದ್ರ ಬಾಟ್ಲಿಯೊಳಗ ಇರ್ತದ. ನಾ ತಗೊಳ್ಳೂದು ಗುಳಿಗಿ. ಅವರು ಗುಳಿಗಿ ಕೇಳಿದ್ರೇನು?”

ನಮ್ಮ ಕಡೆ ದವಾಖಾನೆಯ ಕೆಂಪು ನೀರಿಗೇ ಔಷಧವೆನ್ನುವುದು, ನಿಜ. ಪಾಪ, ಬರೋಡಾದ ಸರ್ಜನ್ನು ಅಷ್ಟೆಲ್ಲ ಓದಿದ್ದರೂ ಧಾರವಾಡದ ಮಾತೊಂದನ್ನು ಕಲಿತಿರಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ಮಂಚದ ಮೇಲೆ ಕೂತು ಇವರು ಗುಳಿಗೆ ನುಂಗುತ್ತಿದ್ದಾಗ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಇದೇನು ಎಂದು ಕೇಳಿದರು. ಇವರು ವಿನಯದಿಂದ, ಗುಳಿಗೆಯ ಗುಜರಾತಿ ಹೆಸರು ಹಿಡಿದು, “ಗೋಳಿ” ಎಂದರು. ಡಬ್ಬಿಯ ಮೇಲಿನ ಹೆಸರು ಓದಿದ ಡಾಕ್ಟರ ಮುಖ ಬಿಳಿಚಿತು. ಈ ಗುಳಿಗೆ ಮೈಯಲ್ಲಿರುವಾಗ ಅರಿವಳಿಕೆ ಕೊಟ್ಟರೆ ಒತ್ತಡ ಪಾತಾಳಕ್ಕಿಳಿದು, ಏರಿಸಿದರೂ ಏರದೆ ಹೋಗಬಹುದು ಎಂದರು.

ಎರಡು ವಾರ ಗುಳಿಗೆ ಬಂದ್, ಆಪರೇಷನ್ ಆಮೇಲೆ ಎಂದಾಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಹೇಳಿದರು: “ಬಹೆನ್‌ಜೀ, ಘರ್ ಮೇಂ ಶಾಂತಿ ರಖನಾ.” ಸಿಟ್ಟು ಬಂದು ಒತ್ತಡ ಏರಿದರೆ ಆಗಲೂ ಆಪರೇಷನ್ ಮಾಡಲಾಗುವುದಿಲ್ಲ ಎಂದು ಹೆದರಿಸಿದರು.

ಶಾಂತಿಯಂತೆ, ಶಾಂತಿ! ನನ್ನ ಬಾಯಿ ಎಂಥದ್ದೆಂದು ನಾವಿದ್ದ ಅಲ್ಕಾಪುರಿಯ ಯಾವ ಕಾಯಿಪಲ್ಲೆ ಗಾಡಿಯವನನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೂ ಬಾಯಿಗೆ ಬೀಗ ಹಾಕಿದೆ. ಹಸಿ ಟಾವೆಲ್ಲನ್ನು ಹಾಸಿಗೆಯ ಮೇಲೆ ಎಸೆದರು, ನಕ್ಕೆ. ಡಾಕ್ಟರೇ ಉಪ್ಪು ಕಡಿಮೆ ಮಾಡಿಸಿದ ಸಾರನ್ನು ಸಪ್ಪೆ ಎಂದು ಹೀಗಳೆದರು, “ಹೌದ್ರೀ, ನಂದ ತಪ್ಪು” ಎಂದೆ. ಕನ್ನಡದ ಹೆಂಗಸರು ಕಂಡಲ್ಲಿ “ಏನ್ ತಾಳ್ಮಿರೀ ನಿಮ್ದು!” ಎಂದು ಹೊಗಳಿದ್ದೇ ಹೊಗಳಿದ್ದು. ಒಳಗೆ ಕುದಿಯುತ್ತಿದ್ದುದು ನನಗೆ ಗೊತ್ತು. ರಾತ್ರಿ ಇವರ ಉಸಿರು ಕೇಳುತ್ತಾ ಮಲಗುತ್ತಿದ್ದುದೂ ನನಗೇ ಗೊತ್ತು.

ಅಷ್ಟೆಲ್ಲ ಮಾಡಿದ ಮೇಲೆ, ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ನೋಡಿದರೆ ಒತ್ತಡ ಏರಿ ಕೂತಿದೆ! ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ, ಇಳಿಯದಿದ್ದರೆ ಇವತ್ತೂ ಇಲ್ಲ ಎಂದು ಡಾಕ್ಟರು ಹೋದರು. ಇವರು ನನ್ನ ಕೈ ಹಿಡಿದುಕೊಂಡರು. ನಾಲ್ಕು ಜನರೆದುರು ಕೈ ಹಿಡಿದದ್ದು ಮದುವೆಯ ಮಂಟಪ ಬಿಟ್ಟರೆ ಅಲ್ಲೇ.

“ಖರೇ ಹೇಳು. ಡಾಕ್ಟರು ನಿನಗ ಏನ್ ಹೇಳ್ಯಾರ? ನಾ ಉಳಿಯೂದಿಲ್ಲೇನು?”

“ಯಾರಂದ್ರು ಹಂಗ?”

“ಎರಡ್ ವಾರ ಆತು, ನೀ ನನಗ ಒಂದ್ ಮಾತು ಬೈದಿಲ್ಲ. ಸಾಯೋರ ಜೋಡಿ ಅಷ್ಟ ಹಿಂಗ ನಡಕೋತಾರ.”

ತಡೆದುಕೊಳ್ಳಲಾಗಲಿಲ್ಲ ನನಗೆ. “ಸಾಯ್ತಾರಂತ, ಸಾಯ್ತಾರ! ಬುದ್ಧಿ ಎಲ್ಲಿ ಮಾರ್ಕೊಂಡ್ ಬಂದೀರಿ? ನಿಮ್ಮ ಸಲುವಾಗಿ ಬಾಯಿ ಹೊಲಕೊಂಡ್ ಕೂತ್ರ, ನನ್ನ ಮ್ಯಾಲೇ ಗುಮಾನಿ?” ಎಂದು ಶುರುಮಾಡಿದವಳು, ವಾರ್ಡಿನವರೆಲ್ಲ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಇವರು ದಿಂಬಿಗೊರಗಿ, ಹಬ್ಬದೂಟ ಮುಗಿಸಿದವರಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಗಲಾಟೆ ಕೇಳಿ ಡಾಕ್ಟರು ಓಡಿಬಂದರು. ನನ್ನನ್ನು ಗದರುತ್ತಲೇ ಇವರ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಒತ್ತಡ ಇಳಿದಿತ್ತು. ನಂಬದೆ ಇನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಚಾಲು ರಖೋ” ಎಂದರು.

ಆಪರೇಷನ್ ಕೋಣೆಯ ಬಾಗಿಲವರೆಗೂ ಸ್ಟ್ರೆಚರಿನ ಪಕ್ಕದಲ್ಲೇ ಬೈಯುತ್ತಾ ಹೋದೆ. ನಿಲ್ಲಿಸಿದ್ದರೆ ಅಳು ಬಂದುಬಿಡುತ್ತಿತ್ತು.