ತಂಗಿಯ ಮಗಳ ತಲೆಗೆ ಕಟ್ಟಿದ ದೋಷ

ವೀರ್ಯ ಬೇರೆ, ವೀರ್ಯಾಣು ಬೇರೆ ಎಂಬುದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಹತ್ತನೆಯ ಇಯತ್ತೆ ಪಾಸಾದವನು ನಾನು. ಇಂಡಿ ತಾಲ್ಲೂಕಿನಲ್ಲಿ, ಚಡಚಣಕ್ಕೆ ಹೋಗುವ ದಾರಿಯ ಮೇಲೆ ನಮ್ಮ ದ್ರಾಕ್ಷಿ ತೋಟವಿದೆ. ಬಳ್ಳಿ ಯಾವಾಗ ಸವರಬೇಕು, ಔಷಧಿ ಯಾವಾಗ ಹೊಡೆಯಬೇಕು ಎಂದು ಸುತ್ತಲಿನವರು ನನ್ನನ್ನು ಕೇಳುತ್ತಾರೆ. ಅಂಥವನು ಗಂಡಸಿನ ಮೈಯಿಂದ ಬರುವುದೆಲ್ಲ ಬೀಜವೇ ಎಂದು ತಿಳಿದುಕೊಂಡು ಇಷ್ಟು ವರ್ಷ ಬದುಕಿದ್ದೆ.

ಒಬ್ಬನೇ ಮಗನಿಗೆ ನನ್ನ ತಂಗಿಯ ಮಗಳನ್ನೇ ತಂದುಕೊಂಡೆವು. ತಂಗಿಯನ್ನು ಸಿಂದಗಿಗೆ ಕೊಟ್ಟಿದ್ದೆವು. ಸೋದರಮಾವನ ಮನೆ ಸೇರಿದ ಹೆಣ್ಣಿಗೆ ಅದು ಎರಡನೆಯ ತವರು ಎಂದು ನಮ್ಮಲ್ಲಿ ಹೇಳುತ್ತಾರೆ. ಮಕ್ಕಳಾಗದೆ ವರ್ಷಗಳು ಕಳೆದಂತೆ ಆ ತವರು ಅವಳ ಪಾಲಿಗೆ ಏನಾಯಿತೋ, ನಾನು ಕೇಳಲಿಲ್ಲ. ವಿಜಯಪುರಕ್ಕೆ, ಸೊಲ್ಲಾಪುರಕ್ಕೆ ಅವಳನ್ನೇ ಕರೆದೊಯ್ದೆವು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಗರ್ಭನಾಳದಲ್ಲಿ ಔಷಧಿ ಬಿಟ್ಟು ನೋಡಿದರು. "ಇವರಲ್ಲಿ ಏನೂ ದೋಷ ಕಾಣುತ್ತಿಲ್ಲ, ಗಂಡನ ಪರೀಕ್ಷೆ ಮಾಡಿಸಿರಿ" ಎಂದು ವೈದ್ಯರು ಹೇಳಿದಾಗಲೆಲ್ಲ, ಯಂತ್ರಕ್ಕೂ ಕಾಣದಷ್ಟು ಆಳದಲ್ಲಿ ದೋಷ ಅಡಗಿದೆ ಎಂದೇ ನಾವು ಅರ್ಥ ಮಾಡಿಕೊಂಡೆವು. ಮಗನನ್ನು ಪರೀಕ್ಷೆಗೆ ಕಳಿಸುವ ಮಾತನ್ನು ನಾನೇ ತಡೆದೆ. ದಪ್ಪ ಮೀಸೆಯ, ಗಟ್ಟಿ ಮೈಯ ಗಂಡಸು ಅವನು. ಅವನಿಗೇನು ಪರೀಕ್ಷೆ?

ಕಾನೂನು ಒಪ್ಪುವುದಿಲ್ಲವೆಂದು ಗೊತ್ತಿದ್ದೂ ಮುದ್ದೇಬಿಹಾಳದಲ್ಲಿ ಇನ್ನೊಂದು ಹೆಣ್ಣಿನ ಮಾತು ತೆಗೆದೆ. ಮೊದಲಿನವಳೂ ಇರಲಿ, ಇವಳೂ ಬರಲಿ ಎಂಬ ಲೆಕ್ಕ. ಸುದ್ದಿ ಕೇಳಿ ತಂಗಿ ಫೋನಿನಲ್ಲಿ ಒದರಿದಳು. "ಮೊದಲು ನಿನ್ನ ಮಗನ್ನ ಡಾಕ್ಟರಗೆ ತೋರ್ಸೋ ಅಣ್ಣಾ. ಆಮ್ಯಾಲ ಬೇಕಾದ್ರ ಹತ್ತು ಲಗ್ನಾ ಮಾಡು." ಅವಳ ಬಾಯಿ ಮುಚ್ಚಿಸಲೆಂದೇ ಮಗನನ್ನು ವಿಜಯಪುರಕ್ಕೆ ಕರೆದುಕೊಂಡು ಹೋದೆ.

ವೈದ್ಯರು ಮೊದಲು ಅವನೊಬ್ಬನೊಡನೆ ಮಾತಾಡಿದರು. ಆಮೇಲೆ ಮಗನೇ ನನ್ನನ್ನು ಒಳಗೆ ಕರೆದ.

"ಅಜ್ಜಾರ, ಇವರ ವೀರ್ಯದಾಗ ವೀರ್ಯಾಣು ಒಂದೂ ಇಲ್ರಿ. ಎರಡು ಸಲ ನೋಡೇವಿ."

"ಅಲ್ರೀ ಸಾಹೇಬ್ರ, ಗಂಡ ಹೆಂಡತಿ ನಡುವ ಎಲ್ಲಾ ಸರಿ ಐತಿ ಅಂತಾನಲ್ರಿ ಇಂವ."

"ಅದು ಸರಿನ ಐತ್ರಿ. ಗಂಡಸ್ತನಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀರು ಬರ್ತೈತಿ, ಅದರಾಗ ವೀರ್ಯಾಣು ಇಲ್ಲ. ಬರೀ ಕಣ್ಣಿಗೆ ಅದು ಗೊತ್ತಾಗೂದಿಲ್ಲ."

ಮಗ ನೆಲ ನೋಡುತ್ತ ಕುಳಿತಿದ್ದ. ರಕ್ತಸಂಬಂಧದಲ್ಲಿ ಮದುವೆ ಮಾಡಿದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. ಅದಕ್ಕಲ್ಲ ಎಂದರು. ಇದರಲ್ಲಿ ಎರಡು ಬಗೆಯಂತೆ. ಕೆಲವರಲ್ಲಿ ವೃಷಣ ವೀರ್ಯಾಣುವನ್ನು ತಯಾರಿಸುವುದೇ ಇಲ್ಲ, ಅಥವಾ ತೀರ ಕಡಿಮೆ ತಯಾರಿಸುತ್ತದೆ. ಇನ್ನು ಕೆಲವರಲ್ಲಿ ತಯಾರಾಗುತ್ತದೆ, ಹೊರಗೆ ಬರುವ ನಾಳ ಮುಚ್ಚಿರುತ್ತದೆ. ಮಗನ ವೃಷಣ ಸರಿಯಾಗಿದೆ, ರಕ್ತದಲ್ಲಿ ಹಾರ್ಮೋನು ಸರಿಯಾಗಿದೆ, ಆದ್ದರಿಂದ ಇದು ಎರಡನೆಯ ಬಗೆ ಇರಬಹುದು ಎಂದರು. ಚಿಕ್ಕಂದಿನಲ್ಲಿ ಆಪರೇಷನ್ ಏನಾದರೂ ಆಗಿತ್ತೇ ಎಂದು ಕೇಳಿದರು.

ಆಗಿತ್ತು. ಮಗ ಸಾಲೆಗೆ ಹೋಗುವ ಮುಂಚೆಯೇ ಎರಡೂ ಕಡೆ ತೊಡೆಯ ಸಂದಿಯಲ್ಲಿ ಹರ್ನಿಯಾ ಉಬ್ಬಿ ಅಳುತ್ತಿದ್ದ. ನಾನೇ ಹೊತ್ತುಕೊಂಡು ಹೋಗಿ ಮಾಡಿಸಿದ್ದೆ.

"ಹಂಗಾದ್ರ ಅದು ನನ್ನ ತಪ್ಪೇನ್ರಿ?"

"ಮಾಡಿಸದಿದ್ರ ಕರುಳು ಸಿಕ್ಕೊಂಡು ಜೀವಕ್ಕ ಬರ್ತಿತ್ರಿ. ಸಣ್ಣ ಕೂಸಿನ ನಾಳ ದಾರದಷ್ಟ ಇರ್ತಾವ. ಅದಕ್ಕ ಪೆಟ್ಟಾಗಿರಬಹುದು ಅಂತೀನಿ, ಆಗೇ ಐತಿ ಅಂತ ಹೇಳಾಕ ಬರೂದಿಲ್ಲ."

ತಪ್ಪು ಎಂದಿದ್ದರೆ ಅತ್ತುಬಿಡುತ್ತಿದ್ದೆ, ತಪ್ಪಲ್ಲ ಎಂದಿದ್ದರೆ ಎದ್ದು ಬರುತ್ತಿದ್ದೆ. ಅವರು ಎರಡನ್ನೂ ಹೇಳಲಿಲ್ಲ. ಮುಂದಿನ ದಾರಿ ಹೇಳಿದರು. ಆ ಜಾಗದಲ್ಲಿ ನಾಳವನ್ನು ಮತ್ತೆ ಜೋಡಿಸುವುದು ಕಷ್ಟ. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆದು, ಹೆಂಡತಿಯ ಅಂಡಾಣುವಿನೊಳಗೆ ಪ್ರಯೋಗಶಾಲೆಯಲ್ಲೇ ಸೇರಿಸಬಹುದು. ಅದಕ್ಕೆ ಹೆಂಡತಿಗೆ ದಿನವೂ ಇಂಜೆಕ್ಷನ್ ಕೊಟ್ಟು ಅಂಡಾಣು ಬೆಳೆಸಿ ಹೊರತೆಗೆಯಬೇಕು. ಇಷ್ಟಾದರೂ ಕೂಸು ಆಗಿಯೇ ಆಗುತ್ತದೆ ಎಂಬ ಭರವಸೆಯಿಲ್ಲ. ಇಲ್ಲಿಗೆ ನನ್ನ ತಲೆ ಪೂರ್ತಿ ಕೆಟ್ಟಿತು. ಮುಚ್ಚಿದ್ದು ಮಗನ ನಾಳ. ಇಂಜೆಕ್ಷನ್ ಸೊಸೆಗೆ ಯಾಕೆ?

ಬರುವಾಗ ಬಸ್ಸಿನಲ್ಲಿ ಮಗ ಒಂದೇ ಮಾತು ಆಡಿದ. "ಅಪ್ಪಾ, ಆಕಿಗೆ ಈಗ ಹೇಳೂದು ಬ್ಯಾಡ." ನಾನು ಹೂಂ ಎಂದೆ.

ಅದೇ ವಾರ ಬಸವನ ಬಾಗೇವಾಡಿಯಲ್ಲಿ ನನ್ನ ತಮ್ಮನ ಸೊಸೆಯ ಕುಬಸ. ಬಸುರಿಯನ್ನು ಕೂಡಿಸಿ ಹಸಿರು ಸೀರೆ, ಹಸಿರು ಬಳೆ ಕೊಟ್ಟು ಮುತ್ತೈದೆಯರು ಉಡಿ ತುಂಬುತ್ತಾರೆ. ಮಕ್ಕಳಿಲ್ಲದವಳು ಮುಂದೆ ಬರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳೇ ತಿಳಿದು ಹಿಂದೆ ನಿಲ್ಲಬೇಕು. ನನ್ನ ಸೊಸೆ ಅವತ್ತು ಹಿಂದೆ ನಿಲ್ಲಲಿಲ್ಲ. ಬಳೆಯ ತಟ್ಟೆ ಹಿಡಿದು ನಗುನಗುತ್ತ ಮುಂದೆ ಬಂದಳು. ಹೆಂಗಸರ ಮಾತು ನಿಂತಿತು. ಎಲ್ಲರೂ ಹಿರಿಯನಾದ ನನ್ನ ಮುಖ ನೋಡಿದರು.

"ಯವ್ವಾ, ತಟ್ಟಿ ಅವರ ಕೈಯಾಗ ಕೊಡು. ನೀ ಒಳಗ ಅಡಗಿ ಮನಿ ನೋಡು ಹೋಗು," ಎಂದೆ.

ದೋಷ ಯಾರದೆಂದು ಆ ಹೊತ್ತಿಗೆ ಆ ಮನೆಯಲ್ಲಿ ಬಲ್ಲವನು ನಾನೊಬ್ಬನೇ. ಮಗ ಬಂದಿರಲಿಲ್ಲ. ಗೊತ್ತಿದ್ದೂ ಯಾಕೆ ಹಾಗೆಂದೆ? ಮುಂದೆ ಬಿಟ್ಟರೆ ಜನ ಯಾಕೆಂದು ಕೇಳುತ್ತಾರೆ, ಕೇಳಿದರೆ ಮಗನ ವಿಷಯ ಹೊರಬೀಳುತ್ತದೆ ಎಂದು ಹೆದರಿದೆನೋ, ಅಥವಾ ರೂಢಿಯ ಮಾತು ತಾನಾಗಿ ಬಾಯಿಗೆ ಬಂತೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ತಟ್ಟೆ ಕೊಟ್ಟಳು. ಅಡಿಗೆ ಮನೆಗೆ ಹೋಗಲಿಲ್ಲ. ಹಿತ್ತಲ ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ ಹೋಗಿ ಸಿಂದಗಿಯ ಬಸ್ಸು ಹತ್ತಿದಳು.

ಮರುವಾರ ಮುದ್ದೇಬಿಹಾಳಕ್ಕೆ ಹೋದೆ. ಇನ್ನೊಂದು ಹೆಣ್ಣಿನ ಬಾಳು ಕೆಡಿಸುವಷ್ಟು ಕೆಟ್ಟವನಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತೋ ಏನೋ. ಹೆಣ್ಣಿನ ತಂದೆ ಚಹಾ ತರಿಸಿದ. ದೋಷ ನನ್ನ ಮಗನಲ್ಲೇ ಇದೆ, ಈ ಮಾತು ಇಲ್ಲಿಗೇ ಬಿಡೋಣ ಎಂದೆ. ಅವನು ನಕ್ಕುಬಿಟ್ಟ.

"ಏ, ಬೀಗರ! ತಂಗಿ ಮಗಳನ್ನ ಕೈ ಬಿಡಾಕ ಮನಸ ಆಗವಲ್ದು ನಿಮಗ. ಹಂಗಂತ ಹೇಳ್ರಲಾ. ಅದಕ್ಯಾಕ ಅಂಥಾ ಹುಲಿಯಂಥಾ ಮಗನ ಮ್ಯಾಲ ಹೊರಸ್ತೀರಿ?"

"ಖರೇನ ಹೇಳಾಕತ್ತೇನ್ರಿ. ಡಾಕ್ಟರ್ ಹೇಳ್ಯಾರ."

"ದೊಡ್ಡ ಮನಸ ನಿಮ್ಮದು. ಇರ್ಲಿ, ಇನ್ನೊಂದ ವರ್ಷ ಕಾಯ್ತೇವಿ ತಗೋರಿ."

ಜೀವಮಾನದಲ್ಲಿ ಹೇಳಿದ ಅತಿ ಕಷ್ಟದ ನಿಜ ದೊಡ್ಡ ಮನಸ್ಸಿನ ಸುಳ್ಳಾಗಿ ಹೋಯಿತು. ಸೊಸೆ ಬೇರೆಯವರ ಮಗಳಾಗಿದ್ದರೆ ನಂಬುತ್ತಿದ್ದರೇನೋ. ಆಗ ಒಳಬಾಗಿಲಿನಿಂದ ಅವನ ಹೆಂಡತಿ ಮಾತಾಡಿದಳು.

"ಅವರು ಖರೇ ಹೇಳಾಕತ್ತಾರ. ಸುಳ್ಳ ಹೇಳೂದಿದ್ರ ಯಾವ ಗಂಡಸೂ ಹಿಂಗ ತಿರುವಿ ಹೇಳೂದಿಲ್ಲ." ಆಮೇಲೆ ನನ್ನ ಕಡೆಗೆ ನೋಡಿದಳು. "ಅಣ್ಣಾರ, ಆ ಹೆಣ್ಣಮಗಳಿಗೆ ಹೇಳೀರೇನ್ರಿ?"

ಹೇಳಿರಲಿಲ್ಲ. ಪರವೂರಿನ ಪಡಸಾಲೆಯಲ್ಲಿ ಹೇಳಿದ್ದನ್ನು ಮನೆಯ ಮಗಳಿಗೆ ಹೇಳಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಸಿಂದಗಿಯಲ್ಲಿ ತಂಗಿ ಬಾಗಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ನಾಳ, ಸೂಜಿ, ಹರ್ನಿಯಾ ಎಲ್ಲ ಒಂದರೊಳಗೊಂದು ಕಲಸಿಹೋಯಿತು. ಒಳಗಿನಿಂದ ಸೊಸೆ ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು.

"ದ್ರಾಕ್ಷಿಗಾದ್ರ ಬೀಜ ಇಲ್ಲದಿದ್ರ ರೇಟ್ ಹೆಚ್ಚು ಅಣ್ಣಾ," ಎಂದಳು ತಂಗಿ. "ನಿನ್ನ ಮಗಗೂ ಹಂಗ ರೇಟ್ ಕಟ್ಟಿ ಎರಡನೇ ಹೆಣ್ಣು ಹುಡುಕಿದೆಲ್ಲ."

"ಸುಮ್ಕಿರವ್ವಾ," ಎಂದಳು ಸೊಸೆ. ನನ್ನನ್ನು ಕೇಳಿದಳು. "ಮಾಮಾ, ಬಾಗೇವಾಡ್ಯಾಗ ನನ್ನ ಒಳಗ ಕಳಸಿದಾಗ ಇದು ಗೊತ್ತಿತ್ತೇನ್ರಿ?"

ಇಲ್ಲ ಎನ್ನಬಹುದಿತ್ತು. ವೈದ್ಯರು ಯಾವತ್ತು ಹೇಳಿದರೆಂಬ ತಾರೀಖು ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಿತ್ತವ್ವಾ."

ಅವಳು ಅಳಲಿಲ್ಲ, ಬೈಯಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. "ದೋಷ ಅವರದು, ಸೂಜಿ ನನಗ," ಎಂದಳು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ, "ಅವರ ಬಂದು ಹೇಳ್ಲಿ. ನಿಮ್ಮ ಬಾಯಿಲೆ ಇಷ್ಟ ವರ್ಷ ಕೇಳೇನಿ, ಸಾಕು," ಎಂದು ಒಳಗೆ ಹೋದಳು.

ಫೋನ್ ಮಾಡಿದೆ. ಮಗ ಮರುದಿನ ಬಂದ. ಹಿತ್ತಲಲ್ಲಿ ಇಬ್ಬರೂ ಬಹಳ ಹೊತ್ತು ಕುಳಿತಿದ್ದರು. ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ. ಎದ್ದು ಬಂದಾಗ ಮಗನ ಕಣ್ಣು ಕೆಂಪಾಗಿದ್ದವು, ಸೊಸೆ ಚೀಲ ತುಂಬಿಕೊಳ್ಳುತ್ತಿದ್ದಳು. ವಿಜಯಪುರಕ್ಕೆ ತಾವಿಬ್ಬರೇ ಹೋಗುತ್ತೇವೆ ಎಂದಳು. ಹೋದರು. ಸೂಜಿಯಲ್ಲಿ ತೆಗೆದು ನೋಡಿದಾಗ ಮಗನಲ್ಲಿ ವೀರ್ಯಾಣು ಇದ್ದವಂತೆ. ಅವುಗಳನ್ನು ಅತಿ ತಂಪಿನಲ್ಲಿ ಕಾಯ್ದಿಟ್ಟಿದ್ದಾರೆ. ಮುಂದಿನ ಹೆಜ್ಜೆ ಸೊಸೆಯ ಒಪ್ಪಿಗೆಯ ಮೇಲೆ ನಿಂತಿದೆ. ಅವಳು ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ.

ಈಗ ಕೇಳಿದವರಿಗೆಲ್ಲ ದೋಷ ಮಗನದು ಎನ್ನುತ್ತೇನೆ. ಅರ್ಧ ಜನ ನಂಬುವುದಿಲ್ಲ. ನಂಬಿದವರು ಮಗನನ್ನು ಗಂಡಸೇ ಅಲ್ಲ ಎಂಬಂತೆ ನೋಡುತ್ತಾರೆ. ಅದೂ ನಿಜವಲ್ಲ. ವೈದ್ಯರು ಹೇಳಿದ್ದನ್ನು ವಿವರಿಸಲು ಹೋದರೆ ನನ್ನ ನಾಲಗೆ ತೊಡರುತ್ತದೆ. ಒಬ್ಬಳ ತಲೆಯಿಂದ ಇಳಿಸಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತಿದ್ದೇನೆಯೇ ಎಂದು ದಿಗಿಲಾಗುತ್ತದೆ.

ವಿಜಯಪುರದಿಂದ ಸೊಸೆ ನಮ್ಮ ಮನೆಗೇ ಮರಳಿದ್ದಾಳೆ. ಮೊನ್ನೆ ರೊಟ್ಟಿ ಬಡಿಸುತ್ತ ಕೇಳಿದಳು. "ಮಾಮಾ, ಇಷ್ಟೆಲ್ಲಾ ಮಾಡಿಸ್ಕೊಂಡೂ ಕೂಸು ಆಗದಿದ್ರ?"

"ಆಗದಿದ್ರೂ ನೀ ನಮ್ಮ ಮನಿ ಮಗಳವ್ವಾ."

"ಅದನ್ನ ಕೇಳಲಿಲ್ರಿ. ಅವಾಗ ಜನ ಮತ್ತ ನಂದ ದೋಷ ಅಂತಾರ. ನೀವು ಏನ್ ಹೇಳ್ತೀರಿ?"

"ಈಗ ಹೇಳೂದನ್ನ ಹೇಳ್ತೇನಿ."

"ಹೇಳ್ತೀರೇನು ಖರೇನ?" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಬಾಗೇವಾಡಿಯ ಆ ದಿನ ನನ್ನ ಬಾಯಿಂದ ಏನು ಬಂದೀತೆಂದು ನನಗೇ ಗೊತ್ತಿರಲಿಲ್ಲ. ನಾಳೆಯೂ ಗೊತ್ತಿರಲಾರದು. ಮಾತು ತಪ್ಪಿದರೆ ಅವಳು ಎತ್ತಿ ತೋರಿಸಲು ಏನಾದರೂ ಇರಲಿ ಎಂದು ಇಷ್ಟನ್ನೂ ಬರೆದು ಅವಳ ಕೈಗೆ ಕೊಡುತ್ತಿದ್ದೇನೆ.