ವ್ಯಾನಿನ ಬಾಗಿಲಿಗೆ ಕೆತ್ತಿಸಿದ ಹೆಸರು

ವ್ಯಾನು ದಾನ ಕೊಟ್ಟಾಗ ನನಗೆ ಎಪ್ಪತ್ತೆರಡು. ಅದಾಗಿ ಮೂರು ವರ್ಷವಾಯಿತು. ಆಗಲೂ ಈಗಲೂ ನಮ್ಮ ಮನೆಯಲ್ಲಿ ನನ್ನ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ. ಚೊಂಬು, ತಟ್ಟೆ, ಸೌಟು, ಕೊನೆಗೆ ಒಗ್ಗರಣೆ ಸೌಟಿನ ಹಿಡಿಯ ಮೇಲೂ "ಗೌರಮ್ಮ, ಮಿಡಿಗೇಶಿ" ಎಂದು ಕೆತ್ತಿಸಿದ್ದೇನೆ. ಮದುವೆಮನೆಗೆ ಹೋದ ದೊಡ್ಡ ಕೊಳಗವು ತಾನು ಅಲ್ಲೇ ಉಳಿದು, ತನ್ನ ಬದಲಿಗೆ ತಮ್ಮನನ್ನು ಮನೆಗೆ ಕಳಿಸಿದ್ದನ್ನು ಕಂಡವಳು ನಾನು. ಓದುತ್ತಿರುವ ನಿಮ್ಮ ಮನೆಯಲ್ಲೂ ಬೇರೆಯವರ ಹೆಸರಿನ ಲೋಟ ಒಂದಾದರೂ ಇರುತ್ತದೆ. ಎದ್ದು ಹೋಗಿ ನೋಡಿ, ಕಾಯುತ್ತೇನೆ.

ಅನುಮಾನ ನನ್ನ ಹುಟ್ಟುಗುಣ. ತಕ್ಕಡಿ ಕಂಡರೆ ತಳ ನೋಡುತ್ತೇನೆ, ತೀರ್ಥ ಕೊಟ್ಟರೆ ಮೂಸಿ ಕುಡಿಯುತ್ತೇನೆ. ವಯಸ್ಕರ ಶಾಲೆಯಲ್ಲಿ ಅರ್ಧಂಬರ್ಧ ಅಕ್ಷರ ಕಲಿತದ್ದೂ ಜ್ಞಾನದಾಹದಿಂದಲ್ಲ, ಬಸ್ಸಿನ ಬೋರ್ಡಿನಲ್ಲಿರುವುದನ್ನೇ ಕಂಡಕ್ಟರ್ ಕೂಗುತ್ತಾನೋ ಇಲ್ಲವೋ ಎಂದು ನೋಡುವುದಕ್ಕೆ.

ಇಂಥವಳ ಹೆಸರಿಗೆ ನನ್ನ ಗಂಡ ಒಂದು ವ್ಯಾನು ಕೊಂಡರು. ಪ್ರೀತಿಯಿಂದಲ್ಲ, ಅವರ ಜಾತಕಕ್ಕೆ ವಾಹನ ಆಗಿಬರುವುದಿಲ್ಲವೆಂದು ಶಾಸ್ತ್ರ ಹೇಳುವವನು ಹೇಳಿದ್ದ. ಹೊಲ ಅವರ ಹೆಸರಿಗೆ, ಮನೆ ಅವರಪ್ಪನ ಹೆಸರಿಗೆ. ಪಾತ್ರೆಗಳನ್ನು ಬಿಟ್ಟರೆ ಈ ಭೂಮಿಯ ಮೇಲೆ ನನ್ನದೆಂದು ಬರೆದಿದ್ದದ್ದು ಆ ವ್ಯಾನೊಂದೇ. ಎಂಟು ಜನರ ಗಾಡಿಯಲ್ಲಿ ಹದಿನಾಲ್ಕು ಜನ ಮದುವೆಗೆ ಹೋಗಿ, ಇಳಿಯುವಾಗ ಯಾರ ಸೆರಗು ಯಾರ ಹೆಗಲ ಮೇಲಿದೆಯೆಂದು ಹುಡುಕಿಕೊಂಡಿದ್ದೇವೆ. ಅವರು ತೀರಿಕೊಂಡ ಮೇಲೆ ಓಡಿಸುವವರಿಲ್ಲದೆ ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡತೊಡಗಿತು.

ಮಧುಗಿರಿಯಲ್ಲಿ ಟೀಚರ್ ಆಗಿರುವ ಮಗಳು ಗಿರಿಜ ಒಂದು ದಿನ ಬಂದು, "ಕೊರಟಗೆರೆ ಹತ್ರ ಕಣ್ಣು ಕಾಣ್ದಿರೋ ವಯಸ್ಸಾದೋರ ಆಶ್ರಮ ಐತೆ. ಆಸ್ಪತ್ರೆಗೆ ಹೋಗಕ್ಕೆ ಗಾಡಿ ಇಲ್ವಂತೆ, ಕೊಟ್ಬುಡವ್ವ" ಎಂದಳು.

"ಕೊಟ್ರೆ ಆಸ್ಪತ್ರೆಗೇ ಹೋಯ್ತಾರೆ ಅಂತ ಏನ್ ಗ್ಯಾರಂಟಿ?"

"ಇನ್ನೆಲ್ಲಿಗೆ ಹೋಗ್ತಾರವ್ವ, ಸಿನಿಮಾಕ್ಕಾ?"

ಅವಳು ಓದಿದವಳು, ಸುಲಭವಾಗಿ ನಗುತ್ತಾಳೆ. ನನಗೆ ಶಿರಾದಲ್ಲಿರುವ ತಂಗಿಯ ಕಥೆ ಗೊತ್ತು. ಬಡ ಹೆಂಗಸರಿಗೆಂದು ಯಾರೋ ಕೇಳಿದರೆಂದು ಹೊಲಿಗೆ ಯಂತ್ರ ದಾನ ಕೊಟ್ಟಳು. ಮೂರು ತಿಂಗಳಲ್ಲಿ ಅದು ಅವಳ ಬೀದಿಯ ದರ್ಜಿ ಅಂಗಡಿಯಲ್ಲೇ ಗರಗರ ಎನ್ನುತ್ತಿತ್ತು. ಈಗಲೂ ಅವಳ ರವಿಕೆಗಳೆಲ್ಲ ಅದೇ ಯಂತ್ರದ ಮೇಲೆ, ಕೂಲಿ ಕೊಟ್ಟು.

ಆದ್ದರಿಂದ ಮಗಳ ಮಾತಿಗೆ ಕೊಡಲು ಒಪ್ಪಿದರೂ, ಗಾಡಿ ಹೋಗುವ ಹಿಂದಿನ ದಿನವೇ, ಮಧುಗಿರಿಯ ಪಾತ್ರೆ ಅಂಗಡಿಯ ಮುಂದೆ ಕೂತು ಹೆಸರು ಕೆತ್ತುವ ಓಬಳೇಶನನ್ನು ಮನೆಗೇ ಕರೆಸಿದೆ.

"ಚೊಂಬಿಗೆ ಹಾಕ್ತೀನಿ, ಬಿಂದಿಗೆಗೆ ಹಾಕ್ತೀನಿ. ಗಾಡಿಗೆ ಯಾರವ್ವ ಹಾಕುಸ್ತಾರೆ?" ಎಂದು ಅವನು ಉಳಿ ಕೆಳಗಿಟ್ಟ.

"ಕಳ್ಳ ಚೊಂಬು ಬುಟ್ಟು ಗಾಡೀನೇ ಒಯ್ತಾನೆ ಕಣ್ಲಾ. ಕೆತ್ತು."

"ತಗಡು ತೂತಾದ್ರೆ ನನ್ನ ಕೇಳ್ಬ್ಯಾಡ" ಎನ್ನುತ್ತ, ಜಾರುವ ಬಾಗಿಲಿನ ಅಂಚಿನಲ್ಲಿ ಮೆಲ್ಲಗೆ ತಟ್ಟಿ ತಟ್ಟಿ ಕೆತ್ತಿದ. ಎಲ್ಲಿಗೆ ಮಾರಿದರೂ ಸಿಕ್ಕಿಬೀಳಲಿ ಎಂಬುದು ನನ್ನ ಲೆಕ್ಕ.

ಮರುದಿನ ಬಂದ ಆಶ್ರಮದ ಮೇಲ್ವಿಚಾರಕ ಮಾತುಮಾತಿಗೂ ಕೈಮುಗಿಯುತ್ತಿದ್ದ. ಅಷ್ಟು ಮುಗಿದರೆ ಕೆಲಸಕ್ಕೆ ಕೈ ಬಿಡುವಾಗುವುದು ಯಾವಾಗ ಎಂದುಕೊಂಡೆ. ವರ್ಗಾವಣೆಯ ಕಾಗದದಲ್ಲಿ ಗಾಡಿ ಪಡೆಯುವವರ ಜಾಗ ಖಾಲಿಯಿತ್ತು.

"ಇಲ್ಲೊಂದು ಸೈನ್ ಹಾಕಿ ಅಮ್ಮ, ಹೆಸ್ರು ಆಮೇಲೆ ತುಂಬ್ಕತೀವಿ."

ನಮ್ಮ ಕಡೆ ಹೀಗೆ ಖಾಲಿ ಕಾಗದಕ್ಕೆ ಸಹಿ ಹಾಕಿಕೊಟ್ಟು, ಗಾಡಿ ಎಲ್ಲೋ ಯಾರಿಗೋ ಗುದ್ದಿದಾಗ ಹಳೇ ಮಾಲೀಕರು ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವುದು ಹೊಸದೇನಲ್ಲ.

"ಅನ್ನ ಆಮೇಲೆ ಬಡುಸ್ತೀನಿ, ಈಗ ಎಲೆ ಎತ್ತು ಅಂದಂಗಾಯ್ತು. ನನ್ ಮುಂದೇನೇ ಬರಿಯಪ್ಪ."

ಬರೆದ. ನಾನು ಒಂದೊಂದಕ್ಷರ ಕೂಡಿಸಿ ಓದುವವರೆಗೂ ಕಾದ. ಆಮೇಲೆ ನನ್ನ ಮೂರಕ್ಷರವನ್ನು ಅದರ ಕೆಳಗೆ ಇಳಿಸಿದೆ.

"ಇನ್ನೊಂದು ಕೀ ಐತಾ ಅಮ್ಮ?"

"ಇಲ್ಲ."

ಇತ್ತು. ಹುಣಸೆಹಣ್ಣಿನ ಮಡಕೆಯಲ್ಲಿ.

ಕೊಟ್ಟು ಮರೆಯುವುದು ದೊಡ್ಡವರ ಗುಣ. ನಾನು ಆರು ತಿಂಗಳು ತಡೆದುಕೊಂಡು, ಒಂದು ದಿನ ಯಾರಿಗೂ ಹೇಳದೆ ಕೊರಟಗೆರೆಯ ಬಸ್ಸು ಹತ್ತಿದೆ. ಆಶ್ರಮದ ಅಂಗಳದಲ್ಲಿ ವ್ಯಾನಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಸಂಕಟವಾಗಲಿಲ್ಲ. ನನ್ನ ಅನುಮಾನ ಸುಳ್ಳಾಗಲಿಲ್ಲವಲ್ಲ ಎಂದು ಎದೆ ತಣ್ಣಗಾಯಿತು. ಇದೆಂಥ ಕಾಯಿಲೆಯೋ, ಮೋಸ ಹೋದದ್ದಕ್ಕೂ ಹಿಗ್ಗುವುದು.

"ಆಸ್ಪತ್ರೆಗೆ ಹೋಗೈತೆ ಅಮ್ಮ, ಬರೋ ಹೊತ್ತು" ಎಂದು ಮೇಲ್ವಿಚಾರಕ ಕೈಮುಗಿದ.

"ಬರ್ಲಿ. ನೋಡ್ಕಂಡೇ ಹೋಯ್ತೀನಿ" ಎಂದು ಹೊಂಗೆಮರದ ಕೆಳಗೆ ಕೂತೆ. ಊಟಕ್ಕೆ ಕರೆದರು, ಏಳಲಿಲ್ಲ. ಉಪ್ಪು ತಿಂದ ಮೇಲೆ ಜಗಳ ಮಾಡಲು ಬಾಯಿ ಬರುವುದಿಲ್ಲ.

ವ್ಯಾನು ಬಂತು. ಹೋಗಿದ್ದವರು ಇಳಿದರು, ಎರಡನೇ ಸರದಿಯವರು ಒಬ್ಬರ ಹೆಗಲನ್ನೊಬ್ಬರು ಹಿಡಿದು ಸಾಲಾಗಿ ಬಂದರು. ತರಕಾರಿ ತಂದ ಗಾಡಿಯೂ ಪಕ್ಕದಲ್ಲೇ ನಿಂತಿತ್ತು. ಸಾಲಿನ ಮುಂದಿದ್ದ ಮುದುಕಿ ಮೊದಲು ಅದನ್ನು ತಡವಿ, ತಲೆಯಾಡಿಸಿ ಬಿಟ್ಟಳು. ಆಮೇಲೆ ನಮ್ಮದರ ಬಾಗಿಲಿನ ಅಂಚಿಗೆ ಬೆರಳಿಟ್ಟು, "ಇದೇ ಕಣ್ರಪ್ಪ, ಗೌರಮ್ಮ. ಹತ್ರಿ" ಎಂದಳು.

ನಾನು ಹತ್ತಿರ ಹೋದೆ.

"ಎವರು? ಯಾರದು?" ಎಂದಳು; ಪಾವಗಡದ ಕಡೆಯವಳು.

"ಯಾರೋ ಬುಡು. ಗೌರಮ್ಮ ಅಂದ್ರೆ ಯಾರು?"

"ಸತ್ತೋರ್ಯಾರೋ ಇರ್ಬೇಕಮ್ಮ. ಬದುಕಿರೋರು ಗಾಡಿ ಮೇಲೆ ಹೆಸ್ರು ಕೆತ್ತುಸ್ತಾರಾ? ಆಸ್ಪತ್ರೆ ತಾವ ಸಾಲಾಗಿ ಗಾಡಿ ನಿಂತಿರ್ತವೆ. ಈ ಗೀರು ಇಲ್ದಿದ್ರೆ ಯಾರ್ದೋ ಗಾಡಿ ಹತ್ತಿ ಯಾರ್ದೋ ಮನೆ ಸೇರ್ತಿದ್ವಿ. ಆದ್ರೆ ಕೆತ್ತಿದೋನು ಮೈಗಳ್ಳ ನೋಡು, ಕೊನೇ ಅಕ್ಷರ ಆಗ್ಲೇ ಕೈಗೆ ಸಿಗ್ತಿಲ್ಲ."

ನಾನೂ ಬೆರಳಿಟ್ಟು ನೋಡಿದೆ. ಸವೆದಿತ್ತು. ನಮ್ಮನೆಯ ಚೊಂಬುಗಳ ಮೇಲೆ ಮೂವತ್ತು ವರ್ಷದಿಂದ ಇದೇ ಹೆಸರು ಮಾಸದೆ ಹೊಳೆಯುತ್ತಿದೆ, ಯಾರೂ ಅದನ್ನು ಹುಡುಕಿ ಮುಟ್ಟಿದವರಿಲ್ಲ. ನಾನೇ ಆ ಗೌರಮ್ಮ ಎಂದು ಅವಳಿಗೆ ಹೇಳಲಿಲ್ಲ. ಅವಳ ಬಾಯಲ್ಲಿ ಸತ್ತವಳಾಗಿಯೇ ನನಗೆ ಹೆಚ್ಚು ಮರ್ಯಾದೆಯಿತ್ತು. ಟೈರುಗಳನ್ನು ಒಮ್ಮೆ ಒದ್ದು ನೋಡಿ ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಮಧುಗಿರಿಗೆ ಹೋಗಿ, ಓಬಳೇಶನನ್ನು ಉಳಿ ಸುತ್ತಿಗೆಯ ಸಮೇತ ಎಬ್ಬಿಸಿ ಕೊರಟಗೆರೆಗೆ ಕರೆದೊಯ್ದು, ತಗಡು ತೂತಾದರೂ ಪರವಾಗಿಲ್ಲವೆಂದು ಮೂರಕ್ಷರವನ್ನೂ ಆಳವಾಗಿ ಕೆತ್ತಿಸಿದೆ. ಇನ್ನೊಂದು ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೇ ಹೋಗಿದ್ದೆ, ಕಟ್ಟಿಕೊಂಡೇ ಬಂದೆ.