ಅವ್ವನ ಫೋಟೋ ತೆಗೆದವರು

ನಿಜಾಮರ ಕಾಲದಲ್ಲಿ ಶಹಾಬಾದಿನಲ್ಲಿದ್ದ ಆ ಫೋಟೋದವರು, ಕ್ಯಾಮೆರಾದ ಮುಚ್ಚಳ ತೆಗೆಯುವ ಮೊದಲು ಎದುರಿಗೆ ಕೂತವರಿಗೆಲ್ಲ, "ಉಸಿರು ಬಿಗಿ ಹಿಡೀರಿ" ಅನ್ನುತ್ತಿದ್ದರು.

ಅವ್ವ ತೀರಿಕೊಂಡ ದಿನ ಅವರನ್ನು ಕರೆಸಿದೆವು. ಅವ್ವನ ಒಂದು ಚಿತ್ರವೂ ನಮ್ಮಲ್ಲಿರಲಿಲ್ಲ. ವಿಭೂತಿ ಹಚ್ಚಿ ಅವಳನ್ನು ಕೂಡಿಸಿದ್ದ ಕೋಣೆಗೆ ಕಿಟಕಿಯಿರಲಿಲ್ಲ.

"ಬೆಳಕಿಗೆ ತರ್ರಿ," ಅಂದರು ಫೋಟೋದವರು.

"ಹೊರಗ ತಂದ ಮ್ಯಾಲ ತಿರುಗಿ ಒಳಗ ಒಯ್ಯಂಗಿಲ್ಲ. ಆಕಿ ಮಗಳು ಚಿಂಚೋಳಿಯಿಂದ ಇನ್ನಾ ಬರಬೇಕು," ಅಂದ ನಮ್ಮ ಕಾಕಾ.

ಅವರು ಎರಡು ಕ್ಯಾಮೆರಾ ತಂದಿದ್ದರು. ಸಣ್ಣದರಲ್ಲಿ ದೂರವನ್ನು ಅಂದಾಜಿನಿಂದ ಹೊಂದಿಸಬೇಕು; ದೊಡ್ಡದರ ಹಿಂಬದಿಯ ಗಾಜಿನಲ್ಲಿ ಮುಖವೇ ಮೂಡುತ್ತದೆ.

"ಅಂದಾಜು ಬ್ಯಾಡ. ಕಣ್ಣಿಗೆ ಕಂಡದ್ದೇ ಖರೆ," ಎಂದು ದೊಡ್ಡದನ್ನೇ ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ತೂರಿಸಿದರು. ಗಾಜಿನಲ್ಲಿ ಬರೀ ಕತ್ತಲೆ. ಅವರು ಹೇಳಿದಂತೆ ಅಪ್ಪ ಅವ್ವನ ಕೆನ್ನೆಯ ಬಳಿ ಕಂದೀಲು ಹಿಡಿದ. ಅದರ ಉರಿ ಸ್ಪಷ್ಟವಾಗುವವರೆಗೆ ಫೋಕಸ್ ಹೊಂದಿಸಿದರು. ಮುಚ್ಚಳ ಹಾಕಿ, ಹಿಂದೆ ಪ್ಲೇಟು ಸೇರಿಸಿದರು. ತಿರುಗಿ ಮುಚ್ಚಳಕ್ಕೆ ಕೈಹಾಕಿ, ರೂಢಿಯಂತೆ, "ಉಸಿರು ಬಿಗಿ ಹಿಡೀರಿ, ತಾಯಿ," ಅಂದುಬಿಟ್ಟರು.

ಮುಚ್ಚಳ ತೆಗೆದು, ಎಣಿಸಿ, ತಿರುಗಿ ಮುಚ್ಚಿದರು.

ಮುಂದಿನ ವಾರ ಚಿತ್ರ ತಂದುಕೊಟ್ಟರು. ಕಂದೀಲು ಮುಖಕ್ಕಿಂತ ಗೇಣು ಮುಂದಿತ್ತು. ಅದೂ ಅಪ್ಪನ ಬೆರಳುಗಳೂ ಸ್ಪಷ್ಟವಾಗಿದ್ದವು; ಹಿಂದೆ ಅವ್ವನ ಮುಖ ಗುರುತು ಸಿಗದಷ್ಟು ಮಸುಕಾಗಿತ್ತು. ಅಪ್ಪ ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದ:

"ಇನ್ನೊಮ್ಮೆ ತೆಗೀಲಿಕ್ಕ ಬರ್ತದೇನ್ರಿ?"